ಎಂಜಲಿನ ಅಂಕ

ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಕೂತಿದ್ದ ಶರಣ್ಯ, ಯಾರೂ ಕೇಳದೆಯೇ ಹೇಳಿದಳು: "ಅತ್ತೆ, ನನ್ನ ಜೀನ್‌ನಲ್ಲಿ ಗಣಿತ ಇಲ್ವಂತೆ."

ಆ ಮಾತಿನಲ್ಲಿ ಅಳು ಇರಲಿಲ್ಲ. ಮನೆಯಲ್ಲಿ ಸಕ್ಕರೆ ಮುಗಿದಿದೆ ಅನ್ನುವ ಹಾಗೆ ಹೇಳಿ ಇನ್ನೊಂದು ಇಡ್ಲಿಗೆ ಚಟ್ನಿ ಹಾಕಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಂಜಿನಿಗೆ ಮೊದಲು ನಗು ಬಂತು. ಆಮೇಲೆ ತಮ್ಮ ನಂದೀಶನ ಮುಖ ನೋಡಿದಳು. ಅವನು ನಗುತ್ತಿರಲಿಲ್ಲ.

"ಏನೋ ಇದು?"

"ಸ್ಕೂಲಲ್ಲಿ ಯಾವ್ದೋ ಕಂಪನಿಯವರ ಕೈಲಿ ಟೆಸ್ಟ್ ಮಾಡಿಸಿದ್ರು ಅಕ್ಕ, ಎಂಜಲು ತಗೊಂಡು. ಮೊನ್ನೆ ರಿಪೋರ್ಟ್ ಬಂತು. ನಿಂಗೆ ತೋರ್ಸೋಣ ಅಂತ್ಲೇ ತಂದಿದೀನಿ."

ನಂದೀಶ ಬೆಸ್ಕಾಂ ಕಚೇರಿಯಲ್ಲಿ ಕೆಲಸಕ್ಕಿದ್ದವನು. ಮಗಳನ್ನು ಬಸವನಗುಡಿಯ ಒಳ್ಳೆಯ ಶಾಲೆಗೆ ಸೇರಿಸಲು ಎರಡು ವರ್ಷ ಓಡಾಡಿದ್ದ. ಶಾಲೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅವನಿಗೆ ರೂಢಿಯಾಗಿತ್ತು. ಚೀಲದಿಂದ ಅವನು ತೆಗೆದದ್ದು ಹೊಳಪು ಕಾಗದದ ದಪ್ಪ ಪುಸ್ತಿಕೆ. ಮುಖಪುಟದಲ್ಲಿ ಸುರುಳಿ ಏಣಿಯೊಂದನ್ನು ಹತ್ತುತ್ತಿರುವ ಮಗುವಿನ ಚಿತ್ರ. ಒಳಗೆ ಒಂದೊಂದು ಪುಟಕ್ಕೆ ಒಂದೊಂದು ತೀರ್ಪು. ಸಂಗೀತ, ಉತ್ತಮ. ಭಾಷೆ, ಮಧ್ಯಮ. ಗಣಿತ ಮತ್ತು ತರ್ಕ, ಸಹಜ ಸಾಮರ್ಥ್ಯ ಕಡಿಮೆ. ಅದರ ಕೆಳಗೆ ಹಸಿರು ಚೌಕದಲ್ಲಿ ಸಲಹೆ: ಮಗುವಿಗೆ ಕರಕುಶಲ ಚಟುವಟಿಕೆಗಳಲ್ಲಿ ಪ್ರೋತ್ಸಾಹ ಕೊಡಿ.

ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ದೇವಯ್ಯ, ಅಕ್ಕ-ತಮ್ಮ ಇಬ್ಬರ ತಂದೆ, ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಕರಕುಶಲ ಅಂದ್ರೆ ಏನು ಮಾಡ್ಬೇಕಂತೆ?"

"ಮಣ್ಣಲ್ಲಿ ಆನೆ ಮಾಡೋದು ತಾತ. ಉಳಿದವರಿಗೆ ಆ ಟೈಮಲ್ಲಿ ಎಕ್ಸ್‌ಟ್ರಾ ಮ್ಯಾಥ್ಸ್ ಇರುತ್ತೆ," ಅಂದಳು ಶರಣ್ಯ.

ದೇವಯ್ಯ ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪುಸ್ತಕ ಬೈಂಡ್ ಮಾಡಿ ನಿವೃತ್ತರಾದವರು. ರಂಜಿನಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಚಾಮರಾಜಪೇಟೆಯ ಶಾಲೆಯ ಮೇಷ್ಟರೊಬ್ಬರು ಅವರನ್ನು ಕರೆಸಿ, "ಇವರಿಗೆಲ್ಲ ಲೆಕ್ಕ ತಲೆಗೆ ಹತ್ತಲ್ಲ ದೇವಯ್ಯ, ಹೊಲಿಗೆ ಕಲಿಸು, ಹೊಟ್ಟೆಪಾಡಿಗಾಗುತ್ತೆ" ಅಂದಿದ್ದರು. 'ಇವರಿಗೆಲ್ಲ' ಅಂದರೆ ಯಾರಿಗೆ ಎಂದು ಮೇಷ್ಟರೂ ಬಿಡಿಸಿ ಹೇಳಲಿಲ್ಲ, ದೇವಯ್ಯನೂ ಕೇಳಲಿಲ್ಲ. ಸಂಬಳವಾದ ದಿನ ಅವೆನ್ಯೂ ರಸ್ತೆಗೆ ಹೋಗಿ ಹಳೆಯ ಗಣಿತದ ಪುಸ್ತಕಗಳನ್ನು ತಂದು, ಹರಿದ ಬೆನ್ನಿಗೆ ತಾವೇ ಬೈಂಡ್ ಹಾಕಿ ಮಗಳ ಮುಂದೆ ಇಟ್ಟಿದ್ದರು.

ಈಗ ಅವರು ಮೊಮ್ಮಗಳ ಪುಸ್ತಿಕೆಯನ್ನು ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟರು. "ಆಗ ಬಾಯಲ್ಲಿ ಹೇಳ್ತಿದ್ರು. ಈಗ ಬೈಂಡ್ ಮಾಡ್ಸಿ ಕೊಡ್ತಾರೆ," ಅಂದು ಮತ್ತೆ ಪೇಪರ್ ಎತ್ತಿಕೊಂಡರು.

ರಂಜಿನಿ ಕೊನೆಯ ಪುಟ ತಿರುವಿದಳು. ಇರುವೆ ಸಾಲಿನಂತಹ ಅಕ್ಷರಗಳಲ್ಲಿ, 'ಅಕ್ಕಿಪೇಟೆಯ ಒಂಬೈನೂರು ಮಕ್ಕಳ ರಕ್ತ ಪರೀಕ್ಷೆಯಿಂದ ದೃಢಪಟ್ಟ ವೈಜ್ಞಾನಿಕ ವಿಧಾನ' ಎಂದು ಬರೆದು, ಕೆಳಗೆ ಒಂದು ಸಂಶೋಧನಾ ಲೇಖನದ ಹೆಸರು ಹಾಕಿದ್ದರು. ಬರೆದವರು ಇಬ್ಬರು. ಮೊದಲ ಹೆಸರು ಅವಳದು.

ಅವಳ ಕಿವಿ ಬಿಸಿಯಾಯಿತು.

ರಂಜಿನಿಗೆ ಆಗ ನಲವತ್ತನಾಲ್ಕು ವರ್ಷ. ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜೀವಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿ. ಕೆಲವು ಮಕ್ಕಳು ಏಕೆ ಸಣಕಲಾಗಿ ಹುಟ್ಟುತ್ತಾರೆ, ಕೆಲವರಿಗೆ ಏಕೆ ಪದೇ ಪದೇ ಜ್ವರ, ಕೆಲವರು ಏಕೆ ಓದಿನಲ್ಲಿ ಹಿಂದೆ ಬೀಳುತ್ತಾರೆ. ಇದರಲ್ಲಿ ಹೆತ್ತವರಿಂದ ಬಂದ ಜೀನ್‌ಗಳ ಪಾಲೆಷ್ಟು, ತಿಂದ ಅನ್ನದ ಪಾಲೆಷ್ಟು, ಕುಡಿದ ನೀರಿನ ಪಾಲೆಷ್ಟು ಎಂದು ಲೆಕ್ಕ ಹಾಕಿ ಬೇರ್ಪಡಿಸುವುದು ಅವಳ ಕೆಲಸ. ಅದಕ್ಕಾಗಿ ಅಕ್ಕಿಪೇಟೆಯ ಸುತ್ತಮುತ್ತ ಹೆರಿಗೆಯಾದ ತಾಯಂದಿರ ಮನೆಗಳಿಗೆ ಹದಿನೈದು ವರ್ಷದಿಂದ ಅಲೆದಿದ್ದಳು. ಮಳೆ ನೀರು ನುಗ್ಗಿದ ಮನೆಗಳಲ್ಲಿ ಮಂಚದ ಮೇಲೆ ಕಾಲು ಮಡಚಿ ಕೂತು ಮಕ್ಕಳ ತೂಕ ನೋಡಿದ್ದಳು. ಸೂಜಿ ಕಂಡರೆ ಅಟ್ಟ ಹತ್ತುವ ಮಕ್ಕಳನ್ನು ಪುಸಲಾಯಿಸಿ ಇಳಿಸಿದ್ದಳು.

ಇಷ್ಟೆಲ್ಲ ಮಾಡಿ ಅವಳಿಗೆ ತಿಳಿದದ್ದು ಬಹಳ ಸರಳ. ಕಲಿಕೆಯಲ್ಲಿ ಮಗುವಿಗೂ ಮಗುವಿಗೂ ಇರುವ ವ್ಯತ್ಯಾಸದಲ್ಲಿ ಅವಳು ನೋಡಿದ ಜೀನ್‌ಗಳ ಪಾಲು ನೂರಕ್ಕೆ ಒಂದು. ಬಸುರಿಯಾಗಿದ್ದಾಗ ತಾಯಿಯ ಮೈಯಲ್ಲಿ ರಕ್ತ ಎಷ್ಟಿತ್ತು, ಮಗು ಬೆಳಿಗ್ಗೆ ತಿಂಡಿ ತಿಂದು ಶಾಲೆಗೆ ಬಂದಿತ್ತೇ ಎಂಬುದರ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. ಲೇಖನದ ಕೊನೆಯಲ್ಲಿ ಒಂದು ಎಚ್ಚರಿಕೆಯನ್ನೂ ಬರೆದಿದ್ದಳು: ಜೀನ್‌ಗಳನ್ನು ಎಣಿಸಿ ಕೊಡುವ ಅಂಕ ಸಮುದಾಯದಿಂದ ಸಮುದಾಯಕ್ಕೆ ಅತ್ತಿತ್ತ ಸರಿಯುತ್ತದೆ, ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ, ಇದನ್ನಿಟ್ಟುಕೊಂಡು ಯಾವ ಒಂದು ಮಗುವಿನ ಬಗ್ಗೆಯೂ ಏನನ್ನೂ ಹೇಳಕೂಡದು.

ಆ ನೂರಕ್ಕೆ ಒಂದನ್ನು ಕಿತ್ತುಕೊಂಡು, ಎಚ್ಚರಿಕೆಯನ್ನು ಬಿಸಾಡಿ, ಅವಳದೇ ಹೆಸರು ಹಾಕಿ, ಅವಳದೇ ಮನೆಯ ಮಗುವಿಗೆ ಕಳಿಸಿದ್ದರು.

ಸೋಮವಾರ ರಂಜಿನಿ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ಮಾಧವಿ ಒರಟು ಹೆಂಗಸಲ್ಲ. ಎದ್ದು ನಿಂತು ಬರಮಾಡಿಕೊಂಡು ಕಾಫಿ ತರಿಸಿದರು.

"ಮಕ್ಕಳನ್ನ ಶಿಖರ, ಚಿಗುರು ಅಂತ ಎರಡು ಗುಂಪು ಮಾಡಿ, ಅಂಗಿಗೆ ಒಂದೊಂದು ಬಿಲ್ಲೆ ಕೊಟ್ಟಿದೀವಿ ಅಷ್ಟೆ ಮೇಡಂ. ಯಾರನ್ನೂ ಮೇಲೆ ಕೆಳಗೆ ಅಂತ ಮಾಡಿಲ್ಲ."

"ಶಿಖರ ಅನ್ನೋದು ಮೇಲಿರುತ್ತಾ, ಕೆಳಗಿರುತ್ತಾ?"

ಮಾಧವಿ ಕಪ್ಪನ್ನು ತಟ್ಟೆಯ ಮೇಲೆ ಆಚೀಚೆ ಸರಿಸಿದರು.

"ಚಿಗುರು ಗುಂಪಿನಲ್ಲಿ ಯಾವ ಯಾವ ಮನೆಯ ಮಕ್ಕಳಿದಾರೆ ಅಂತ ನೀವು ಒಂದು ಸಲ ನೋಡಿದೀರಾ?"

"ಅದು ಕಂಪ್ಯೂಟರ್ ಮಾಡಿದ್ದು ಮೇಡಂ. ನಾವು ಜಾತಿಗೀತಿ ನೋಡಲ್ಲ."

"ನೀವು ನೋಡ್ದೇ ಇದ್ರೂ ಜಾತಿ ಅದರೊಳಗೆ ಬಂದಿದೆಯಲ್ಲ, ಅದಕ್ಕೇ ಕೇಳ್ತಿದೀನಿ."

ಮಾಧವಿಯ ಮುಖ ಕೆಂಪಾಯಿತು. "ನಮ್ಮ ಕಷ್ಟ ನಿಮಗೆ ಗೊತ್ತಿಲ್ಲ. ಪಕ್ಕದ ಸ್ಕೂಲು ರೋಬೋಟ್ ತಂದು ನಿಲ್ಸಿದೆ. ಪೇರೆಂಟ್ಸು ಬಂದು, ನೀವೇನು ಹೊಸದು ಮಾಡ್ತೀರಿ ಅಂತಾರೆ. ನಾನು ಕಣ್ಮುಚ್ಚಿ ಒಪ್ಪಿಲ್ಲ. ಇದು ನಿಮ್ಮದೇ ರಿಸರ್ಚ್ ಅಂತ ಹೇಳಿದ್ರು. ವೇಣುಗೋಪಾಲ್ ಸರ್ ಅಂಥವರೇ ಬಂದು ಇದೇ ಹಾಲ್‌ನಲ್ಲಿ ಪೇರೆಂಟ್ಸ್‌ಗೆಲ್ಲ ವಿವರಿಸಿ ಹೋದ್ರು."

"ಯಾವ ವೇಣುಗೋಪಾಲ್?"

ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಿತ್ತು. ಆ ಲೇಖನದ ಎರಡನೇ ಹೆಸರು ಅದೇ.

ಡಾಕ್ಟರ್ ವೇಣುಗೋಪಾಲ್ ಅವಳ ಗುರು. ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳನ್ನು ಸಂಶೋಧನೆಗೆ ತೆಗೆದುಕೊಂಡವರು. 'ಕೋಟಾದಲ್ಲಿ ಬಂದವಳು' ಎಂದು ವಿಭಾಗದಲ್ಲಿ ಯಾರೋ ಆಡಿಕೊಂಡಾಗ, ಅವಳ ಅಂಕಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ ಬಾಯಿ ಮುಚ್ಚಿಸಿದವರು. ಲೇಖನದ ಆ ಎಚ್ಚರಿಕೆಯ ವಾಕ್ಯವನ್ನು, ಇನ್ನೂ ಖಡಾಖಂಡಿತ ಇರಬೇಕು ಎಂದು ಮತ್ತೆ ಮತ್ತೆ ತಿದ್ದಿಸಿದವರೂ ಅವರೇ. ನಿವೃತ್ತರಾಗಿ ಮಲ್ಲೇಶ್ವರದಲ್ಲಿದ್ದರು. ಮಂಗಳವಾರ ಸಂಜೆ ರಂಜಿನಿ ಹೋದಾಗ ವರಾಂಡದಲ್ಲಿ ಕೂತು ದಾಸವಾಳದ ಗಿಡಕ್ಕೆ ಔಷಧಿ ಹೊಡೆಸುತ್ತಿದ್ದರು.

"ಬಾ ಬಾ. ಎಷ್ಟು ದಿನ ಆಯ್ತು. ಕೋಪದಲ್ಲಿ ಬಂದಿದೀಯ, ಮುಖ ನೋಡಿದ್ರೇ ಗೊತ್ತಾಗುತ್ತೆ."

ಅವಳು ಪುಸ್ತಿಕೆಯನ್ನು ಅವರ ಮುಂದೆ ಹಿಡಿದಳು. "ಸರ್, ಇದು ನಿಮಗೆ ಗೊತ್ತಿದ್ದೇ ಆಗಿದ್ದಾ?"

"ಗೊತ್ತು. ನಾನೇ ಸಲಹೆಗಾರ." ಅವರು ಮುಚ್ಚಿಡಲಿಲ್ಲ. "ಆ ಕಂಪನಿ ಹುಡುಗರು ಬಂದು ಕೇಳಿದ್ರು. ನಿವೃತ್ತಿ ಆದ್ಮೇಲೆ ನಮ್ಮನ್ನ ಯಾರು ಕೇಳ್ತಾರೆ ಹೇಳು? ಒಂದು ರೂಮು ಕೊಟ್ಟಿದಾರೆ, ನಾಲ್ಕು ಜನ ಸರ್ ಅಂತಾರೆ. ಮಕ್ಕಳಿಗೆ ಪ್ರೋತ್ಸಾಹ ಕೊಡೋ ವಿಷಯ ತಾನೆ, ಅದರಿಂದ ಯಾರಿಗೇನು ತೊಂದರೆ?"

"ಎಚ್ಚರಿಕೆ ವಾಕ್ಯ ಎಲ್ಲಿ ಸರ್?"

"ಅದನ್ನೆಲ್ಲ ಪೇರೆಂಟ್ಸ್ ಓದ್ತಾರೇನಮ್ಮ?"

"ಓದ್ತಾರೋ ಬಿಡ್ತಾರೋ, ಅದಿಲ್ದೆ ಇದು ಸುಳ್ಳು. ನೀವೇ ನಂಗೆ ಹೇಳಿಕೊಟ್ಟಿದ್ದು. ಒಂಬತ್ತು ವರ್ಷದ ಮಗು, ನನ್ನಲ್ಲಿ ಗಣಿತ ಇಲ್ಲ ಅಂತ ಹೇಳ್ಕೊಂಡು ಓಡಾಡ್ತಿದೆ."

ಆಗ ವೇಣುಗೋಪಾಲರು ಪುಸ್ತಿಕೆಯ ಮೇಲಿದ್ದ ಮಗುವಿನ ಹೆಸರು, ತಂದೆಯ ಹೆಸರು ಗಮನಿಸಿದರು. ಹಣೆ ಚಚ್ಚಿಕೊಂಡರು. "ಅಯ್ಯೋ, ನಂದೀಶನ ಮಗಳಾ? ಮೊದಲೇ ಹೇಳಬಾರದಾ? ರಿಪೋರ್ಟ್ ನಂಬರ್ ಕೊಡು, ಇನ್ನೊಂದು ಸಲ ನೋಡೋಕೆ ಹೇಳ್ತೀನಿ. ಸರಿ ಮಾಡಿಸಿಬಿಡೋಣ."

ರಂಜಿನಿ ಎದ್ದು ನಿಂತಳು. ಇಷ್ಟು ವರ್ಷ ಈ ಮನೆಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವಾಗೆಲ್ಲ ಗುಡಿಗೆ ಬಂದಷ್ಟು ಗೌರವದಿಂದ ಬಿಟ್ಟಿದ್ದಳು.

"ಜೀನು ಸರಿ ಮಾಡಿಸ್ತೀರಾ ಸರ್? ಫೋನ್ ಮಾಡಿ?"

"ಹಾಗಲ್ಲ ರಂಜಿನಿ..."

"ಹಾಗೇ. ನಂಗೆ ನಿಮ್ಮ ಪರಿಚಯ ಇದೆ, ಅದಕ್ಕೆ ನಮ್ಮ ಮಗೂಗೆ ಗಣಿತ ಬರುತ್ತೆ. ಪರಿಚಯ ಇಲ್ದಿರೋರ ಮಕ್ಕಳು ಮಣ್ಣಲ್ಲಿ ಆನೆ ಮಾಡ್ಬೇಕು."

ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು. ರಂಜಿನಿ ಅವರಿಗೆ ಕೈಮುಗಿದು, ಕುಡಿಯದೆ ಹೊರಟಳು. ಸಂಪಿಗೆ ರಸ್ತೆಯ ತನಕ ನಡೆದೇ ಬಂದಳು. ಎದುರಿಗೆ ಬಂದ ಆಟೋದವನು "ಎಲ್ಲಿಗೆ ಮೇಡಂ" ಅಂದರೆ, "ಎಲ್ಲಿಗೂ ಇಲ್ಲ" ಎಂದು ಗದರಿಸಿದಳು. ಆಮೇಲೆ ಪಾಪ ಅನ್ನಿಸಿ ಅದೇ ಆಟೋ ಹತ್ತಿದಳು.

ಪೋಷಕರ ಸಭೆ ಕರೆಯಲೇಬೇಕು ಎಂದು ಅವಳು ಮಾಧವಿಯ ಬೆನ್ನು ಬಿಡಲಿಲ್ಲ. ಕಂಪನಿಯವರೂ ಬರಲಿ ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಶನಿವಾರ ಹಾಲ್ ತುಂಬಿತ್ತು. ಕಂಪನಿಯ ಪರವಾಗಿ ಅಭಿನಂದನ್ ಎಂಬ ಯುವಕ ಬಂದಿದ್ದ. ವೇಣುಗೋಪಾಲರು ಬರಲಿಲ್ಲ.

ಪೋಷಕರೆಲ್ಲ ತನ್ನಂತೆಯೇ ಸಿಟ್ಟಾಗಿರುತ್ತಾರೆ ಎಂದು ರಂಜಿನಿ ಎಣಿಸಿದ್ದಳು. ಅದು ಸುಳ್ಳಾಯಿತು. ಚಿಗುರು ಗುಂಪಿನವರು ಹಿಂದಿನ ಸಾಲುಗಳಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮಕ್ಕಳು ಯಾವ ಗುಂಪು ಎಂದು ಪಕ್ಕದವರಿಗೆ ತಿಳಿಯದಿದ್ದರೆ ಸಾಕು ಎನ್ನುವ ಹಾಗೆ. ಮಾತಾಡಿದವರೆಲ್ಲ ಶಿಖರದವರೇ. ವಾಣಿ ಎಂಬಾಕೆ, ಮಗಳು ಯಶಶ್ರೀ ಶಿಖರದಲ್ಲಿದ್ದವಳು, ಎದ್ದು ನಿಂತು ಕೇಳಿದರು:

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ತಮ್ಮನ ಮಗಳಿಗೆ ಒಳ್ಳೇ ರಿಪೋರ್ಟ್ ಬಂದಿದ್ರೆ ನೀವು ಇಲ್ಲಿಗೆ ಬರ್ತಿದ್ರಾ?"

ಹಾಲ್‌ನಲ್ಲಿ ಗುಸುಗುಸು ಎದ್ದಿತು. ರಂಜಿನಿಗೆ ಆ ಪ್ರಶ್ನೆ ಚುಚ್ಚಿತು, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ.

"ಗೊತ್ತಾಗ್ತಾನೇ ಇರಲಿಲ್ಲ, ಅದಕ್ಕೆ ಬರ್ತಿರಲಿಲ್ಲ. ಈಗ ಗೊತ್ತಾಗಿದೆ," ಅಂದು ಅವಳು ಅಭಿನಂದನ್ ಕಡೆ ತಿರುಗಿದಳು. "ನೀವು ಒಂದು ಮಗುವಿನ ಅಂಕ ಕಡಿಮೆ ಅಂತೀರಲ್ಲ, ಯಾರಿಗೆ ಹೋಲಿಸಿ ಕಡಿಮೆ?"

ಹುಡುಗ ಪ್ರಾಮಾಣಿಕ. ಮರೆಮಾಚಲು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೇನೋ. "ನಮ್ಮ ರೆಫರೆನ್ಸ್ ಗ್ರೂಪ್‌ಗೆ ಮೇಡಂ. ಮೊದಲು ಟೆಸ್ಟ್ ಮಾಡಿಸಿಕೊಂಡ ಕಸ್ಟಮರ್ಸ್."

"ಅವರು ಯಾರು? ಎಲ್ಲ ಥರದ ಜನಾನಾ?"

"ಇಲ್ಲ... ಶುರುವಿನಲ್ಲಿ ನಮ್ಮ ಫೌಂಡರ್ಸ್ ಫ್ಯಾಮಿಲಿ, ಫ್ರೆಂಡ್ಸು, ಅವರ ಅಪಾರ್ಟ್‌ಮೆಂಟಿನವರು. ಆಮೇಲೆ ಅವರಿಂದ ಅವರಿಗೆ ಗೊತ್ತಿರೋರು."

ರಂಜಿನಿ ಸಭೆಯ ಕಡೆ ತಿರುಗಿದಳು. ಪಾಠ ಮಾಡುವಾಗಿನ ಧ್ವನಿ ತಾನಾಗಿ ಬಂತು. "ಒಂದೊಂದು ಸಮುದಾಯದಲ್ಲಿ ತಲೆತಲಾಂತರದಿಂದ ಒಂದೊಂದು ಥರದ ಗುರುತುಗಳು ಜೀನಿನಲ್ಲಿ ಜಾಸ್ತಿ ಇರ್ತಾವೆ. ಅವು ಬುದ್ಧೀದಲ್ಲ. ಮನೆಮನೆಗೂ ಸಾರಿನ ರುಚಿ ಬೇರೆ ಇರುತ್ತಲ್ಲ, ಹಾಗೆ. ಇವರು ಪರದೇಶದ ಜನರನ್ನ ನೋಡಿ ಮಾಡಿದ ಜೀನ್ ಪಟ್ಟಿ ತಂದು ಆ ಗುರುತುಗಳನ್ನ ಎಣಿಸಿ, ತಮ್ಮ ಅಪಾರ್ಟ್‌ಮೆಂಟಿನವರನ್ನ ಅಳತೆಗೋಲು ಮಾಡ್ಕೊಂಡಿದಾರೆ. ಅವರ ಥರ ಇಲ್ದಿರೋ ಮಕ್ಕಳು ಪಕ್ಕಕ್ಕೆ ಬೀಳ್ತಾರೆ. ಈ ಸಲ ಕೆಳಕ್ಕೆ ಬಿದ್ದಿದಾರೆ, ಬೇರೆ ಪಟ್ಟಿ ತಂದಿದ್ರೆ ಮೇಲಕ್ಕೆ ಬೀಳ್ತಿದ್ರು. ಡಿ.ವಿ.ಜಿ. ರಸ್ತೆಯಲ್ಲಿ ರೆಡಿಮೇಡ್ ಅಂಗಿ ತಂದು ಹಾಕಿದಾಗ ತೋಳು ಉದ್ದ ಬಂದ್ರೆ ನೀವೇನಂತೀರಿ? ಅಂಗಿ ಅಳತೆ ಸರಿಯಿಲ್ಲ ಅಂತೀರಿ. ನಿನ್ನ ಕೈ ಗಿಡ್ಡ ಅಂತ ಮಗೂಗೆ ಚೀಟಿ ಬರೆದು ಕೊಡಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ತಲೆಯೆತ್ತಿದರು. ನಂದೀಶನೂ ಎತ್ತಿದ.

ವಾಣಿ ಇನ್ನೂ ನಿಂತೇ ಇದ್ದರು. "ಹಾಗಾದ್ರೆ ನಮ್ಮ ಯಶಶ್ರೀಗೆ ಹೆಚ್ಚು ಬಂದಿರೋದು?"

"ಅದಕ್ಕೂ ಅರ್ಥ ಇಲ್ಲ."

ಅಲ್ಲಿಯವರೆಗೆ ಸಹಿಸಿಕೊಂಡಿದ್ದ ಮುಂದಿನ ಸಾಲುಗಳಿಗೆ ಇದನ್ನು ಸಹಿಸಲಾಗಲಿಲ್ಲ. ಒಬ್ಬರು ಕುರ್ಚಿ ಸದ್ದು ಮಾಡಿಕೊಂಡು ಎದ್ದು ಹೋದರು. "ಒಳ್ಳೇದಾಗಿದ್ದನ್ನ ಕಿತ್ಕೊಳ್ಳೋಕೆ ಬಂದಿದಾರೆ" ಎಂದು ಇನ್ನೊಬ್ಬರು ಗಟ್ಟಿಯಾಗಿಯೇ ಹೇಳಿದರು. ಬಾಗಿಲ ಬಳಿ ಮಾತ್ರ ವಾಣಿ ರಂಜಿನಿಯನ್ನು ತಡೆದು, "ನನ್ನ ಮಗಳು ಹೋಂವರ್ಕ್ ಬಿಟ್ಬಿಟ್ಟಿದಾಳೆ. ನಂಗೆ ಹುಟ್ತಾನೇ ಬಂದಿದೆ ಅಂತಾಳೆ," ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದರು.

ಮುಂದಿನ ವಾರ ಶಾಲೆಯಿಂದ ಸಂದೇಶ ಬಂತು: ಕೊಠಡಿಗಳ ಕೊರತೆಯಿಂದಾಗಿ ಗುಂಪು ಚಟುವಟಿಕೆಗಳನ್ನು ನಿಲ್ಲಿಸಲಾಗಿದೆ. ನಂದೀಶ ಫೋನ್ ಮಾಡಿ, "ಗೆದ್ದೆ ಅಕ್ಕ" ಅಂದ. ರಂಜಿನಿಯ ಸಿಟ್ಟು ಇಮ್ಮಡಿಯಾಯಿತು.

"ಕೊಠಡಿ ಕೊರತೆ ಅಂತೆ. ಕೊಠಡಿ ಸಿಕ್ಕಿದ್ರೆ ಮುಂದಿನ ವರ್ಷ ಮತ್ತೆ ಚಿಗುರು, ಶಿಖರ?" ಮರುದಿನವೇ ಮಾಧವಿಯ ಎದುರು ಕೂತಿದ್ದಳು. "ಮಕ್ಕಳಿಗೆ ನೀವೇ ಹೇಳಿದ್ರಿ. ಬಿಲ್ಲೆ ಕೊಟ್ಟು ಹೇಳಿದ್ರಿ. ಅದು ತಪ್ಪು ಅಂತಾನೂ ಮಕ್ಕಳಿಗೇ ಹೇಳಿ."

"ಟ್ರಸ್ಟಿನವರು ಒಪ್ಪಲ್ಲ ಮೇಡಂ."

"ನಿಮ್ಮ ಕ್ಲಾಸಿಗೆ ನೀವು ಹೋಗಿ ಮಾತಾಡೋಕೆ ಟ್ರಸ್ಟಿನವರ ಅಪ್ಪಣೆ ಬೇಕಾ? ನೀವು ಮೇಷ್ಟ್ರಲ್ಲವಾ?"

ಮಾಧವಿ ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಆದರೆ ಶುಕ್ರವಾರ ಶರಣ್ಯ ಬಂದು ವರದಿ ಒಪ್ಪಿಸಿದಳು. ದೊಡ್ಡ ಮಿಸ್ ಕ್ಲಾಸಿಗೆ ಬಂದಿದ್ದರಂತೆ. ಎಂಜಲಿನಿಂದ ಯಾರ ಬುದ್ಧಿಯೂ ತಿಳಿಯುವುದಿಲ್ಲ, ನಾವು ತಪ್ಪು ಮಾಡಿದೆವು ಎಂದರಂತೆ. ಬಿಲ್ಲೆಗಳನ್ನೆಲ್ಲ ವಾಪಸ್ ತೆಗೆದುಕೊಂಡರಂತೆ. "ಆಮೇಲೆ ಎಲ್ರಿಗೂ ಮ್ಯಾಥ್ಸ್ ಕೊಟ್ರು. ಭಿನ್ನರಾಶಿ. ನಂಗೆ ಮಣ್ಣಿನ ಕ್ಲಾಸೇ ಇಷ್ಟ ಇತ್ತು," ಎಂದು ಮುಖ ಸಣ್ಣ ಮಾಡಿದಳು. ಆ ದಿನ ರಂಜಿನಿ ವಾರಗಳ ನಂತರ ಬಾಯ್ತುಂಬ ನಕ್ಕಳು.

ಲೇಖನ ಪ್ರಕಟವಾಗಿದ್ದ ಪತ್ರಿಕೆಗೆ, ತಮ್ಮ ಸಂಶೋಧನೆಯನ್ನು ಹೀಗೆ ಬಳಸುವುದು ತಪ್ಪು ಎಂಬ ಸ್ಪಷ್ಟನೆ ಬರೆದಳು. ವೇಣುಗೋಪಾಲರು ಸಹಿ ಹಾಕಲಿಲ್ಲ. ಒಂಟಿ ಹೆಸರಿನಲ್ಲೇ ಅದು ಪ್ರಕಟವಾದ ದಿನ ಅವರು ಫೋನ್ ಮಾಡಿ, "ನನ್ನ ಮರ್ಯಾದೆ ಒಂದು ಸಲ ನೆನಪಿಗೆ ಬರಲಿಲ್ವಾ?" ಎಂದರು. ಬಂದಿತ್ತು. ಬರೆಯುವಾಗ ಪ್ರತಿ ಸಾಲಿಗೂ ಬಂದಿತ್ತು. ಹಾಗೆಂದು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಫೋನ್ ಇಡ್ತೀನಿ ಸರ್" ಅಂದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಎಲ್ಲಕ್ಕಿಂತ ಕಷ್ಟವಾದದ್ದು ಅಕ್ಕಿಪೇಟೆಗೆ ಹೋದದ್ದು. ಯಾರ ಮಕ್ಕಳ ರಕ್ತದ ಹೆಸರು ಹೇಳಿ ಆ ಪುಸ್ತಿಕೆ ಮಾರಾಟವಾಗುತ್ತಿತ್ತೋ, ಅವರಿಗೆ ವಿಷಯ ತಿಳಿಸಬೇಕಿತ್ತು. ಅವಳು ಮನೆಮನೆಗೆ ಹೋದಳು. ಹಲವರು "ಹೋಗ್ಲಿ ಬಿಡಿ ಮೇಡಂ" ಅಂದರು. ಸಿದ್ದಮ್ಮ ಹಾಗೆನ್ನಲಿಲ್ಲ. ಮೂಟೆ ಹೊರುವವನ ಹೆಂಡತಿ, ಮೊದಲ ವರ್ಷದಿಂದ ಅಧ್ಯಯನದಲ್ಲಿದ್ದವಳು. ಮಗನಿಗೆ ಈಗ ಹದಿನಾಲ್ಕು.

"ನಮ್ಮ ಮಕ್ಕಳಿಗೆ ಒಳ್ಳೇದಾಗುತ್ತೆ ಅಂತ ಹೇಳಿ ನೀವು ರಕ್ತ ತಗೊಂಡ್ರಿ ರಂಜಿನಮ್ಮ. ನೀವು ಕೇಳಿದ್ರಿ ಅಂತ ಕೊಟ್ವಿ. ಈಗ ಅದನ್ನೇ ತೋರ್ಸಿ, ನಮ್ಮಂಥೋರ ಮಕ್ಕಳು ದಡ್ರು ಅಂತ ಯಾರೋ ಮಾರ್ಕೋತಾರೆ ಅಂತೀರಿ."

"ಹಾಗೆ ಮಾಡೋಕೆ ನಾನು ಕೊಟ್ಟಿಲ್ಲ ಸಿದ್ದಮ್ಮ. ಅದು ಸುಳ್ಳು ಅಂತ ಬರೆದಿದೀನಿ, ಸ್ಕೂಲಲ್ಲಿ ಜಗಳ ಆಡಿದೀನಿ."

"ನೀವು ಕೊಟ್ಟಿಲ್ಲ, ಸರಿ. ನಾನು ಯಾರನ್ನ ಕೇಳ್ಲಿ? ನಮ್ಮ ಬಾಗಿಲಿಗೆ ಬಂದಿದ್ದು ನೀವೇ." ಸಿದ್ದಮ್ಮ ಒಳಗೆ ಕರೆಯಲಿಲ್ಲ, ಕೂರಿ ಎಂದೂ ಅನ್ನಲಿಲ್ಲ. "ಇನ್ಮೇಲೆ ನನ್ನ ಮಗ ಬರಲ್ಲ."

ರಂಜಿನಿ ವಾದಿಸಲಿಲ್ಲ. ಬಿಟ್ಟುಹೋಗುವ ಹಕ್ಕು ಅವರಿಗಿದೆ ಎಂದು ಮೊದಲ ದಿನವೇ ಒಪ್ಪಿಗೆ ಪತ್ರ ಹಿಡಿದು ತಾನೇ ಓದಿ ಹೇಳಿದ್ದಳು. ಸಿದ್ದಮ್ಮನನ್ನು ನೋಡಿ ಇನ್ನೂ ಕೆಲವು ಮನೆಯವರು ಬಿಟ್ಟರು. ಬೆವರು ಸುರಿಸಿ ಕಟ್ಟಿದ ಕೆಲಸದಲ್ಲಿ ಒಂದೊಂದೇ ಮಗು ಕಡಿಮೆಯಾಗುವುದನ್ನು ಅವಳು ಕಣ್ಣಾರೆ ಕಂಡಳು. ಸುಳ್ಳು ಹೇಳಿದವರಿಗೆ ಒಂದು ಕೂದಲೂ ಕೊಂಕಲಿಲ್ಲ, ನಷ್ಟವೆಲ್ಲ ನಿಜ ಹೇಳಿದವಳ ಪಾಲಿಗೆ ಎಂಬ ಕಿಚ್ಚು ಅವಳೊಳಗೆ ಆರಲೇ ಇಲ್ಲ. ಆರಬೇಕೆಂದು ಅವಳೂ ಬಯಸಲಿಲ್ಲ.

ಕಂಪನಿ ಕೊನೆಯ ಪುಟದಿಂದ ಅವಳ ಹೆಸರು ತೆಗೆಯಿತು. ಪುಸ್ತಿಕೆಯನ್ನು ಮಾತ್ರ ನಿಲ್ಲಿಸಲಿಲ್ಲ. ಮಲ್ಲೇಶ್ವರದ ಇನ್ನೊಂದು ಶಾಲೆಯಲ್ಲಿ ಮಕ್ಕಳ ಎಂಜಲು ತೆಗೆದುಕೊಳ್ಳುತ್ತಿದ್ದಾರೆ ಎಂದು ಅವಳಿಗೆ ತಿಳಿಸಿದವನು ಅಭಿನಂದನ್. ಅಷ್ಟರಲ್ಲಿ ಅವನು ಆ ಕೆಲಸ ಬಿಟ್ಟಿದ್ದ. ರಂಜಿನಿ ಆ ಶಾಲೆಗೆ ಫೋನ್ ಮಾಡಿದಳು. ಮುಖ್ಯಸ್ಥರು ಊರಲ್ಲಿಲ್ಲ, ಮೀಟಿಂಗಿನಲ್ಲಿದ್ದಾರೆ, ಊಟಕ್ಕೆ ಹೋಗಿದ್ದಾರೆ ಎಂದೆಲ್ಲ ಆದ ಮೇಲೆ, ಶನಿವಾರ ಹನ್ನೊಂದಕ್ಕೆ ಬನ್ನಿ ಎಂದರು. ಅವಳು ಹತ್ತೂವರೆಗೇ ಹೋಗಿ, ಅವರ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತಳು.